ಕಾಯಕ, ದಾಸೋಹ, ಹಕ್ಕು: ಕಲಬುರಗಿ ಪರಿಸರದಲ್ಲಿ ಕಥೋಲಿಕ ನೀತಿಬೋಧೆಯ ನುಡಿ ಮತ್ತು ನಡೆ

1

ಧರ್ಮವೊಂದರ ನೀತಿಬೋಧೆ ಗ್ರಂಥದಲ್ಲಿ ಒಂದೇ ಆಗಿದ್ದರೂ ಅದನ್ನು ಕೇಳುವ ಊರುಗಳಲ್ಲಿ ಒಂದೇ ಆಗಿ ಉಳಿಯುವುದಿಲ್ಲ. ಯಾವ ನುಡಿಯಲ್ಲಿ ಅದು ಕಿವಿಗೆ ಬೀಳುತ್ತದೆಯೋ ಆ ನುಡಿಯ ಹಳೆಯ ನೆನಪುಗಳೊಡನೆ ಬೆರೆತೇ ಅದು ಮನಸ್ಸಿಗೆ ಇಳಿಯುತ್ತದೆ. ಕಥೋಲಿಕ ಧರ್ಮಸಭೆಯ ನೀತಿಬೋಧೆಯೂ ಇದಕ್ಕೆ ಹೊರತಲ್ಲ. ರೋಮಿನಿಂದ ಹೊರಡುವ ವಿಶ್ವಪತ್ರವೊಂದು ಕಲಬುರಗಿ ನಗರದ ಶಾಲಾಶಿಕ್ಷಕಿಯನ್ನೋ ಕಮಲಾಪುರದ ಹೊಲದಲ್ಲಿ ದುಡಿಯುವ ಕೂಲಿಕಾರ್ತಿಯನ್ನೋ ತಲುಪುವ ಹೊತ್ತಿಗೆ ಅದು ಕನ್ನಡದ ಮಾತಾಗಿರಬೇಕು. ಆ ಕನ್ನಡ ಎಂಥದು, ಅದು ಯಾವ ಪದಗಳನ್ನು ಎರವಲು ಪಡೆದಿದೆ, ಯಾವುವನ್ನು ಪಡೆಯದೆ ಬಿಟ್ಟಿದೆ ಎಂಬುದು ಭಾಷಾಂತರದ ಪ್ರಶ್ನೆಯಷ್ಟೇ ಅಲ್ಲ. ಬೋಧೆಯು ನಡೆಯಾಗುವುದೋ ನುಡಿಯಾಗಿಯೇ ಉಳಿಯುವುದೋ ಎಂಬುದನ್ನು ಅದು ಬಹುಮಟ್ಟಿಗೆ ನಿರ್ಧರಿಸುತ್ತದೆ. ಈ ಪ್ರಶ್ನೆಯನ್ನು ಕಲಬುರಗಿ ಪರಿಸರದ ಹಿನ್ನೆಲೆಯಲ್ಲಿ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಕನ್ನಡ ನಾಡಿನ ಈ ಭಾಗಕ್ಕೆ ಕಥೋಲಿಕ ಧರ್ಮ ಹೊಸ ಅತಿಥಿಯಲ್ಲ. ರಾಯಚೂರು ಜಿಲ್ಲೆಯ ಮುದಗಲ್ಲಿನಲ್ಲಿ ಆದಿಲ್‌ಶಾಹಿ ಕಾಲದಿಂದಲೂ ಕಥೋಲಿಕ ಸಮುದಾಯವೊಂದು ನೆಲೆನಿಂತಿದೆ. ಕಲಬುರಗಿ ಮತ್ತು ಬೀದರ ಸೀಮೆಯಲ್ಲಿ ಕ್ರೈಸ್ತ ಧರ್ಮ ಎಂದೊಡನೆ ಜನ ಮೊದಲು ನೆನೆಯುವುದು ಮೆಥೊಡಿಸ್ಟ್ ಮಿಷನ್ನನ್ನು. ಕಥೋಲಿಕರು ಆ ದೊಡ್ಡ ನೆರಳಿನ ಪಕ್ಕದಲ್ಲಿ ಬೆಳೆದ ಸಣ್ಣ ಸಮುದಾಯ. 2005ರ ಜೂನ್ 24ರಂದು ಕಲಬುರಗಿಯನ್ನು ಕೇಂದ್ರವಾಗಿಸಿಕೊಂಡ ಪ್ರತ್ಯೇಕ ಧರ್ಮಪ್ರಾಂತ್ಯ ಸ್ಥಾಪನೆಗೊಂಡಿತು. ರಾಬರ್ಟ್ ಮೈಕಲ್ ಮಿರಾಂಡ ಅದರ ಮೊದಲ ಧರ್ಮಾಧ್ಯಕ್ಷರಾದರು. ಶರಣಬಸವೇಶ್ವರರ ದಾಸೋಹದ ಪರಂಪರೆ, 1422ರಲ್ಲಿ ನಿಧನರಾದ ಖ್ವಾಜಾ ಬಂದೇನವಾಜರ ದರ್ಗಾ, ಹೊಸ ಕಾಲದ ಬುದ್ಧವಿಹಾರ ಇವುಗಳೆಲ್ಲ ಒಟ್ಟಿಗಿರುವ ನಗರದಲ್ಲಿ ಈ ಧರ್ಮಪ್ರಾಂತ್ಯ ತನ್ನ ಮಾತನ್ನು ಆಡಬೇಕಾಗಿದೆ.

ನಗರದಿಂದ ಹುಮನಾಬಾದಿನ ಮೂಲಕ ಬೀದರಿಗೆ ಹೋಗುವ ಹೆದ್ದಾರಿಯ ಮೇಲಿರುವ ಕಮಲಾಪುರ, ಕೆಂಪು ಬಾಳೆಯಿಂದ ಹೆಸರಾದ ಊರು. ಅಲ್ಲಿನ ಬಾಳೆಗೆ ಭೌಗೋಳಿಕ ಸೂಚಿಕೆಯ ಮಾನ್ಯತೆ ದೊರೆತಿದೆ. ಊರು ತಾಲ್ಲೂಕು ಕೇಂದ್ರವೂ ಆಗಿದೆ. ಆದರೆ ಬಾಳೆಯ ತೋಟ ಉಳ್ಳವರಿಗಿಂತ ತೊಗರಿಯ ಹೊಲದಲ್ಲಿ ಕೂಲಿ ಮಾಡುವವರು, ಬೆಳೆ ಕೈಕೊಟ್ಟ ವರ್ಷ ಮುಂಬಯಿ, ಪುಣೆ, ಹೈದರಾಬಾದು, ಬೆಂಗಳೂರುಗಳಿಗೆ ಗುಳೆ ಹೋಗುವವರು ಈ ಸೀಮೆಯ ಹಳ್ಳಿಗಳಲ್ಲಿ ಹೆಚ್ಚು. ಸಂವಿಧಾನದ 371(ಜೆ) ವಿಧಿಯ ವಿಶೇಷ ಸ್ಥಾನಮಾನ ಬೇಕಾಗಿ ಬಂದ ಪ್ರದೇಶವಿದು ಎಂಬುದನ್ನು ಮರೆಯುವಂತಿಲ್ಲ. ನಗರದ ಸಂಬಳದ ಬದುಕಿಗೂ ಹಳ್ಳಿಯ ಕೂಲಿಯ ಬದುಕಿಗೂ ನಡುವಿನ ಅಂತರವನ್ನು ತೋರಿಸಲು ಕಲಬುರಗಿ ಮತ್ತು ಕಮಲಾಪುರ ಎಂಬ ಎರಡು ಹೆಸರುಗಳು ಇಲ್ಲಿ ಸಾಕಾಗುತ್ತವೆ.

2

ಎರಡನೆಯ ವ್ಯಾಟಿಕನ್ ಮಹಾಸಭೆ 1963ರ ಡಿಸೆಂಬರಿನಲ್ಲಿ ಆರಾಧನೆಯ ಕುರಿತ ತನ್ನ ಶಾಸನವನ್ನು ಹೊರಡಿಸಿದ ಮೇಲೆ ಜನಭಾಷೆಗಳಿಗೆ ಬಲಿಪೀಠದ ಬಳಿ ಸ್ಥಳ ದೊರೆಯಿತು. ಕನ್ನಡ ಕಥೋಲಿಕರ ಆರಾಧನಾ ಪರಿಭಾಷೆ ಬೆಳೆದ ಬಗೆ ಗಮನಾರ್ಹವಾದುದು. ಬಲಿಪೂಜೆ, ಪರಮಪ್ರಸಾದ, ದೀಕ್ಷಾಸ್ನಾನ, ಸಂಸ್ಕಾರ, ತಪಸ್ಸುಕಾಲ, ಶುಭಸಂದೇಶ, ಧರ್ಮಸಭೆ, ಜಗದ್ಗುರು ಎಂಬ ಪದಗಳು ಯಾವುವೂ ಅನ್ಯವೆಂದು ಕೇಳಿಸುವುದಿಲ್ಲ. ಇವುಗಳಲ್ಲಿ ಹಲವು ಶೈವ, ವೀರಶೈವ, ಜೈನ ಪರಂಪರೆಗಳು ಶತಮಾನಗಳ ಕಾಲ ಬಳಸಿ ಹದಗೊಳಿಸಿದ ಪದಗಳು. ಹೀಗೆ ಎರವಲು ಪಡೆಯುವಲ್ಲಿ ಅನುವಾದಕರು ತೋರಿದ ಧೈರ್ಯ ಮೆಚ್ಚುವಂಥದು. ಪ್ರಸಾದ ಎಂಬ ಪದದ ಸುತ್ತ ಕಲಬುರಗಿಯಂಥ ಊರಿನಲ್ಲಿರುವ ಭಾವ ಎಷ್ಟು ದಟ್ಟವಾದುದೆಂದರೆ, ಪರಮಪ್ರಸಾದ ಎಂದಾಗ ವಿವರಣೆಯ ಅಗತ್ಯವೇ ಬೀಳುವುದಿಲ್ಲ.

ಆದರೆ ಬಲಿಪೀಠದಿಂದ ಬೀದಿಗೆ ಇಳಿದರೆ ಈ ಧೈರ್ಯ ಕಡಿಮೆಯಾಗುತ್ತದೆ. ಕೂಲಿ, ಸಾಲ, ಜಾತಿ, ವರದಕ್ಷಿಣೆ, ಲಂಚ, ಗುಳೆ, ಹೆಣ್ಣಿನ ಒಪ್ಪಿಗೆ ಇವುಗಳ ಬಗೆಗೆ ಧರ್ಮಸಭೆಗೆ ಹೇಳುವುದಕ್ಕೆ ಬಹಳವಿದೆ. 1891ರಿಂದ ಈಚೆಗೆ ಅದು ಬಹಳವನ್ನೇ ಹೇಳಿದೆ. ಆದರೆ ಆ ಬೋಧೆ ಕನ್ನಡಕ್ಕೆ ಬರುವಾಗ 'ಸಾಮಾಜಿಕ ನ್ಯಾಯ', 'ಮಾನವ ಘನತೆ', 'ಸಾರ್ವತ್ರಿಕ ಒಳಿತು' ಎಂಬ ಪುಸ್ತಕದ ಪದಗಳಲ್ಲಿ ಬರುತ್ತದೆ. ಇವು ತಪ್ಪಾದ ಪದಗಳಲ್ಲ, ಆದರೆ ಯಾರೂ ಇವುಗಳಲ್ಲಿ ಜಗಳವಾಡುವುದಿಲ್ಲ, ಯಾರೂ ಇವುಗಳಲ್ಲಿ ಆಣೆ ಇಡುವುದಿಲ್ಲ. ಪೂಜೆಯ ನುಡಿ ನೆಲದ ನುಡಿಯಾಯಿತು. ನೀತಿಯ ನುಡಿ ವರದಿಯ ನುಡಿಯಾಗಿ ಉಳಿಯಿತು. ಇದರ ಪರಿಣಾಮವಾಗಿ ಸಾಮಾನ್ಯ ಭಕ್ತನ ಮನಸ್ಸಿನಲ್ಲಿ ನೀತಿಬೋಧೆ ಎಂದರೆ ಸುಳ್ಳು, ಕುಡಿತ, ವ್ಯಭಿಚಾರ, ಭಾನುವಾರದ ಪೂಜೆ ತಪ್ಪಿಸುವುದು ಎಂಬ ಚಿಕ್ಕ ಪಟ್ಟಿಯಾಗಿಬಿಡುವ ಅಪಾಯವಿದೆ.

ಈ ಕೊರತೆಯನ್ನು ತುಂಬಲು ಕಲಬುರಗಿಯ ನೆಲದಲ್ಲೇ ಎರಡು ದೊಡ್ಡ ಪದಗಳು ಸಿದ್ಧವಾಗಿವೆ ಎಂದು ಯಾರಿಗಾದರೂ ತೋಚುವುದು ಸಹಜ: ಕಾಯಕ ಮತ್ತು ದಾಸೋಹ. ಇವೆರಡನ್ನೂ ಕಥೋಲಿಕ ಬೋಧೆಯೊಡನೆ ಇಟ್ಟು ನೋಡಿದಾಗ ಎಲ್ಲಿ ಕೂಡಿಬರುತ್ತವೆ, ಎಲ್ಲಿ ಕೂಡುವುದಿಲ್ಲ ಎಂಬುದೇ ಇಲ್ಲಿನ ಮುಖ್ಯ ವಿಚಾರ.

3

1981ರಲ್ಲಿ ಜಗದ್ಗುರು ಎರಡನೆಯ ಜಾನ್ ಪಾಲ್ ಹೊರಡಿಸಿದ 'ಲಬೋರೆಮ್ ಎಕ್ಸೆರ್ಚೆನ್ಸ್' ವಿಶ್ವಪತ್ರದ ತಿರುಳೆಂದರೆ, ಕೆಲಸದ ಬೆಲೆ ಯಾವ ಬಗೆಯ ಕೆಲಸ ಎಂಬುದರಿಂದ ಬರುವುದಲ್ಲ, ಮಾಡುವವನು ಮನುಷ್ಯ ಎಂಬುದರಿಂದ ಬರುತ್ತದೆ ಎಂಬುದು. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಈ ಮಾತು ಬೇರೆ ರೀತಿಯಲ್ಲಿ ಕೇಳಿಬಂದಿತ್ತು. ಬೀದರ ಜಿಲ್ಲೆಯ ಬಸವಕಲ್ಯಾಣ ಕಮಲಾಪುರದಿಂದ ದೂರವಿಲ್ಲ. ಸಮಗಾರ, ಮಡಿವಾಳ, ಅಂಬಿಗ, ಕಸಗುಡಿಸುವವಳು ಇವರೆಲ್ಲರ ದುಡಿಮೆಯನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸಿದ ಕಾಯಕ ತತ್ತ್ವ ಕಥೋಲಿಕ ಬೋಧೆಗೆ ಹತ್ತಿರದ ನಂಟನಂತೆ ಕಾಣುತ್ತದೆ. ದುಡಿಮೆಯನ್ನು ಮೈಲಿಗೆಯೆಂದು ಕಂಡ ವ್ಯವಸ್ಥೆಯ ವಿರುದ್ಧ ಎರಡೂ ನಿಲ್ಲುತ್ತವೆ. ಈ ಮಟ್ಟಿಗೆ ಕಾಯಕ ಎಂಬ ಪದವನ್ನು ಧರ್ಮೋಪದೇಶದಲ್ಲಿ ಬಳಸುವುದು ಉಚಿತವೂ ಹೌದು, ಅಗತ್ಯವೂ ಹೌದು.

ಆದರೆ ಮುಂದಿನ ಹೆಜ್ಜೆಯಲ್ಲಿ ತೊಡಕಿದೆ. ಕಾಯಕ ದುಡಿಯುವವನಿಗೆ ಹೇಳುವ ಮಾತು. ಪ್ರಾಮಾಣಿಕವಾಗಿ ದುಡಿ, ಫಲವನ್ನು ಸಮಾಜಕ್ಕೆ ಸಲ್ಲಿಸು, ಹೆಚ್ಚಿಗೆ ಬಯಸಬೇಡ ಎಂಬುದು ಅದರ ವಿಧಿ. ದುಡಿಸಿಕೊಳ್ಳುವವನಿಗೆ ಅದು ಏನು ಹೇಳುತ್ತದೆ? ಶರಣರ ಸಮುದಾಯದಲ್ಲಿ ಈ ಪ್ರಶ್ನೆ ಏಳಬೇಕಾಗಿರಲಿಲ್ಲ. ಅಲ್ಲಿ ಧಣಿಯೂ ಕಾಯಕದವನೇ. ಆದರೆ ಆ ಸಮುದಾಯವಿಲ್ಲದ ಕಾಲದಲ್ಲಿ ಪದ ಮಾತ್ರ ಉಳಿದಾಗ ಅದು ಆಳಿಗೆ ಬೋಧೆಯಾಗಿ, ಧಣಿಗೆ ಅನುಕೂಲವಾಗಿ ಪರಿಣಮಿಸುವುದನ್ನು ತಡೆಯುವವರಿಲ್ಲ. ಆಧುನಿಕ ಕಚೇರಿಗಳ ಗೋಡೆಗಳ ಮೇಲೆ ಕಾಯಕದ ಮಹಿಮೆ ಬರೆಸಿದವರು ಸಂಬಳದ ಪ್ರಮಾಣವನ್ನು ಅದರ ಪಕ್ಕದಲ್ಲಿ ಬರೆಸಿದ ನಿದರ್ಶನ ವಿರಳ.

ಕಥೋಲಿಕ ಬೋಧೆಯ ಒತ್ತು ಈ ವಿಷಯದಲ್ಲಿ ಬೇರೆ ಕಡೆಗಿದೆ. ಹದಿಮೂರನೆಯ ಲಿಯೊ 1891ರ 'ರೇರುಮ್ ನೊವಾರುಮ್' ವಿಶ್ವಪತ್ರದಲ್ಲಿ ಸ್ಪಷ್ಟಪಡಿಸಿದ್ದು, ಆಳು ಒಪ್ಪಿಕೊಂಡ ಮಾತ್ರಕ್ಕೆ ಕೂಲಿ ನ್ಯಾಯವಾದುದು ಎನಿಸುವುದಿಲ್ಲ ಎಂಬುದು. ಬೇರೆ ದಾರಿಯಿಲ್ಲದೆ ಒಪ್ಪಿದ್ದು ಒಪ್ಪಿಗೆಯಲ್ಲ. ಜೀವನ ನಡೆಸಲು ಸಾಕಾಗದ ಕೂಲಿ ಅನ್ಯಾಯವೇ. ಭಾರತದ 1948ರ ಕನಿಷ್ಠ ವೇತನ ಕಾಯ್ದೆಗಿಂತ 57 ವರ್ಷ ಮೊದಲು ಬಂದ ಮಾತಿದು. 1992ರಲ್ಲಿ ಪ್ರಕಟಗೊಂಡ ಕಥೋಲಿಕ ಧರ್ಮೋಪದೇಶ ಗ್ರಂಥ ಇನ್ನೂ ಮುಂದೆ ಹೋಗಿ, ಸ್ವರ್ಗಕ್ಕೆ ಮೊರೆಯಿಡುವ ಘೋರಪಾಪಗಳ ಸಾಲಿನಲ್ಲಿ ಕೊಲೆಯೊಂದಿಗೆ ಕೂಲಿಕಾರನಿಗೆ ಮಾಡುವ ಅನ್ಯಾಯವನ್ನೂ ಇರಿಸುತ್ತದೆ. ಯಕೋಬನ ಪತ್ರದಲ್ಲಿ ಹೊಲ ಕೊಯ್ದವರ ತಡೆಹಿಡಿದ ಕೂಲಿಯೇ ಕೂಗಿಕೊಳ್ಳುವ ಪ್ರಸಂಗವೊಂದಿದೆ. ತೊಗರಿ ಕೊಯ್ಲು ಮುಗಿದ ಮೇಲೆ ಕೂಲಿಗಾಗಿ ಮೂರು ಬಾರಿ ಧಣಿಯ ಮನೆಗೆ ಅಲೆದ ಹೆಣ್ಣುಮಗಳಿಗೆ ಆ ಪ್ರಸಂಗವನ್ನು ಬಿಡಿಸಿ ಹೇಳಬೇಕಾಗಿಲ್ಲ. ಹೆಣ್ಣಾಳಿಗೆ ಗಂಡಾಳಿಗಿಂತ ಕಡಿಮೆ ಎಂಬ ವಾಡಿಕೆಯಂತೂ ಇಷ್ಟು ಹಳೆಯದಾಗಿದೆಯೆಂದರೆ, ಅದು ಪಾಪವೆಂದು ಯಾರೂ ಪಾಪನಿವೇದನೆಯಲ್ಲಿ ಹೇಳಿಕೊಳ್ಳುವುದಿಲ್ಲ.

ಮತ್ತಾಯನ ಶುಭಸಂದೇಶದ ದ್ರಾಕ್ಷಾತೋಟದ ಸಾಮತಿ ಈ ಸೀಮೆಯಲ್ಲಿ ವಿಶೇಷ ಅರ್ಥ ಪಡೆಯುತ್ತದೆ. ಸಂಜೆಯವರೆಗೂ ಕೆಲಸ ಸಿಗದೆ ನಿಂತವನಿಗೂ ತೋಟದ ಒಡೆಯ ಇಡೀ ದಿನದ ಕೂಲಿ ಕೊಡುತ್ತಾನೆ. ಸಾಮಾನ್ಯವಾಗಿ ಇದನ್ನು ದೇವರ ಕೃಪೆಯ ಕಥೆಯಾಗಿ ಮಾತ್ರ ವ್ಯಾಖ್ಯಾನಿಸಲಾಗುತ್ತದೆ. ಆದರೆ ಬೆಳಗಿನ ಜಾವ ನಗರದ ಚೌಕಗಳಲ್ಲಿ ಗುದ್ದಲಿ, ಬುಟ್ಟಿ ಹಿಡಿದು ನಿಲ್ಲುವವರ ಕಡೆಯಿಂದ ಓದಿದರೆ ಅದು ಕೆಲಸ ಸಿಗದ ದಿನವೂ ಹೊಟ್ಟೆ ಇರುತ್ತದೆ ಎಂಬ ಸರಳ ಸತ್ಯದ ಕಥೆ. ಕಾಯಕದ ಪರಿಭಾಷೆ ಈ ಸತ್ಯವನ್ನು ಹಿಡಿಯಲಾರದು. ಏಕೆಂದರೆ ಇಲ್ಲಿ ಕಾಯಕವೇ ದೊರೆತಿಲ್ಲ.

4

ದಾಸೋಹದ ವಿಷಯದಲ್ಲಿ ಸಂಬಂಧ ಇನ್ನೂ ಸೂಕ್ಷ್ಮವಾದುದು. ಕಾಳು ತಿನ್ನಲು ಬಂದ ಹಕ್ಕಿಗಳನ್ನು ಓಡಿಸದೆ ಹೊಲವನ್ನೇ ಬಿಟ್ಟುಕೊಟ್ಟ ಶರಣಬಸವೇಶ್ವರರ ಕಥೆ ಕಲಬುರಗಿಯ ಮಕ್ಕಳಿಗೂ ಗೊತ್ತು. ಆಯ್ದಕ್ಕಿ ಮಾರಯ್ಯ ದಿನದ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮ ಅದನ್ನು ಇದ್ದಲ್ಲಿಯೇ ಸುರಿದು ಬರುವಂತೆ ಹೇಳಿದ ಪ್ರಸಂಗವನ್ನು ಶರಣ ಪರಂಪರೆ ಜೋಪಾನವಾಗಿ ಉಳಿಸಿಕೊಂಡಿದೆ. ಸೃಷ್ಟಿಯ ಸಂಪತ್ತು ಎಲ್ಲರಿಗಾಗಿ ಇರುವುದು, ಖಾಸಗಿ ಒಡೆತನ ಅದಕ್ಕೆ ಅಧೀನವಾದುದು ಎಂಬುದು ಕಥೋಲಿಕ ಸಾಮಾಜಿಕ ಬೋಧೆಯ ಮೂಲಸೂತ್ರಗಳಲ್ಲೊಂದು. 2015ರ 'ಲೌದಾತೊ ಸೀ' ವಿಶ್ವಪತ್ರದಲ್ಲಿ ಜಗದ್ಗುರು ಫ್ರಾನ್ಸಿಸ್ ಅದನ್ನು ಮಣ್ಣು, ನೀರು, ಹವೆಗಳಿಗೂ ವಿಸ್ತರಿಸಿದರು. ಈ ಸೂತ್ರವನ್ನು ಹತ್ತು ಪುಟಗಳಲ್ಲಿ ವಿವರಿಸುವುದಕ್ಕಿಂತ ಲಕ್ಕಮ್ಮನ ಪ್ರಸಂಗವನ್ನು ಹೇಳುವುದು ಪರಿಣಾಮಕಾರಿ.

ದಾಸೋಹಕ್ಕೂ ದಾನಕ್ಕೂ ಇರುವ ವ್ಯತ್ಯಾಸವೂ ಇಲ್ಲಿ ಮುಖ್ಯ. ದಾನದಲ್ಲಿ ಕೊಡುವವನು ಮೇಲೆ, ಪಡೆಯುವವನು ಕೆಳಗೆ. ದಾಸೋಹದಲ್ಲಿ ಕೊಡುವವನೇ ದಾಸ. ಕ್ರೈಸ್ತ ಸೇವಾಸಂಸ್ಥೆಗಳ ಶಾಲೆ, ಆಸ್ಪತ್ರೆ, ವಸತಿನಿಲಯಗಳು ಈ ಅಳತೆಗೋಲಿನಿಂದ ತಮ್ಮನ್ನು ಅಳೆದುಕೊಳ್ಳುವುದು ಒಳಿತು. ನಗರಗಳಲ್ಲಿ ಇಂಗ್ಲಿಷ್ ಮಾಧ್ಯಮದ ಕಾನ್ವೆಂಟ್ ಶಾಲೆಗೆ ಇರುವ ಗೌರವ ದೊಡ್ಡದು. ಆ ಶಾಲೆಯ ಬೆಂಚಿನ ಮೇಲೆ ಹಳ್ಳಿಯ ಕೂಲಿಕಾರರ ಮಗು ಕುಳಿತಿದೆಯೇ, ಅದನ್ನು ಕನಿಕರದಿಂದ ಕೂರಿಸಲಾಗಿದೆಯೋ ಬಾಧ್ಯತೆಯಿಂದಲೋ ಎಂಬ ಪ್ರಶ್ನೆ ಶುಲ್ಕದ ಪ್ರಶ್ನೆಯಂತೆ ಕಂಡರೂ ನೀತಿಶಾಸ್ತ್ರದ ಪ್ರಶ್ನೆಯೇ.

ಆದರೂ ದಾಸೋಹ ಎಷ್ಟೇ ವಿನಯದ್ದಾಗಲಿ, ಕೊಡುವವನ ಇಚ್ಛೆಯಿಂದ ಹೊರಡುತ್ತದೆ. ಇನ್ನೊಬ್ಬನಿಗೆ ಸಲ್ಲಬೇಕಾದುದನ್ನು ಪ್ರೀತಿಯ ಹೆಸರಿನಲ್ಲಿ ಕೊಡಬಾರದು, ಮೊದಲು ನ್ಯಾಯವಾಗಿ ಕೊಡಬೇಕು ಎಂಬುದು ಎರಡನೆಯ ವ್ಯಾಟಿಕನ್ ಮಹಾಸಭೆ ಒತ್ತಿಹೇಳಿದ ವಿವೇಕ. ಲೂಕನ ಶುಭಸಂದೇಶದ ಸುಂಕದವನಾದ ಜಕ್ಕಾಯ ಬಡವರಿಗೆ ಅರ್ಧ ಆಸ್ತಿ ಕೊಡುವುದರ ಜೊತೆಗೆ ಮೋಸದಿಂದ ಪಡೆದುದನ್ನು ನಾಲ್ಕು ಪಟ್ಟು ಹಿಂದಿರುಗಿಸುವುದಾಗಿ ಹೇಳುತ್ತಾನೆ. ಮೊದಲನೆಯದು ದಾಸೋಹಕ್ಕೆ ಹತ್ತಿರ. ಎರಡನೆಯದು ಋಣ ತೀರಿಸುವಿಕೆ. ಕೂಲಿಯಲ್ಲಿ ಕಡಿತ ಮಾಡಿ, ಬಡ್ಡಿಯಲ್ಲಿ ಹಿಂಡಿ, ಜಾತ್ರೆಗೋ ಕ್ರಿಸ್ಮಸ್ಸಿಗೋ ಅನ್ನ ಹಾಕಿಸುವ ಪದ್ಧತಿ ಎಲ್ಲ ಧರ್ಮಗಳಲ್ಲೂ ಇದೆ. ಅದನ್ನು ಪ್ರಶ್ನಿಸಲು ದಾಸೋಹ ಎಂಬ ಪದವೊಂದೇ ಸಾಲದು.

5

ಜಾತಿಯ ಪ್ರಶ್ನೆಯಲ್ಲಿ ನುಡಿ ಮತ್ತು ನಡೆಯ ಬಿರುಕು ಅತ್ಯಂತ ನೋವಿನದು. ಈ ಸೀಮೆಯ ಗ್ರಾಮೀಣ ಕ್ರೈಸ್ತರಲ್ಲಿ ದಲಿತ ಮೂಲದವರ ಸಂಖ್ಯೆ ದೊಡ್ಡದು. 1950ರ ಪರಿಶಿಷ್ಟ ಜಾತಿಗಳ ಆದೇಶ ಹಿಂದೂ ಧರ್ಮದವರಿಗೆ ಮಾತ್ರ ಆ ಸ್ಥಾನವನ್ನು ನೀಡಿತು. 1956ರಲ್ಲಿ ಸಿಖ್ಖರಿಗೆ, 1990ರಲ್ಲಿ ಬೌದ್ಧರಿಗೆ ಅದು ವಿಸ್ತರಿಸಿತು. ಕ್ರೈಸ್ತರಿಗೆ ಮತ್ತು ಮುಸ್ಲಿಮರಿಗೆ ವಿಸ್ತರಿಸಲಿಲ್ಲ. ರಂಗನಾಥ ಮಿಶ್ರ ಆಯೋಗ 2007ರ ವರದಿಯಲ್ಲಿ ಈ ಸ್ಥಾನವನ್ನು ಧರ್ಮದಿಂದ ಬೇರ್ಪಡಿಸಲು ಸೂಚಿಸಿತು; 2022ರಲ್ಲಿ ಕೆ.ಜಿ. ಬಾಲಕೃಷ್ಣನ್ ಅವರ ನೇತೃತ್ವದಲ್ಲಿ ಮತ್ತೊಂದು ಆಯೋಗ ನೇಮಕವಾಯಿತು. ಕರ್ನಾಟಕದ ಹಿಂದುಳಿದ ವರ್ಗಗಳ ಪಟ್ಟಿ ಕ್ರೈಸ್ತರಾದ ಪರಿಶಿಷ್ಟರನ್ನು ಪ್ರವರ್ಗ 1ರಲ್ಲಿ ಸೇರಿಸಿತು. ಅದು ಪರಿಶಿಷ್ಟ ಜಾತಿಯ ಸ್ಥಾನಕ್ಕೆ ಸಮನಲ್ಲ. ಒಂದೇ ಕೇರಿಯ ಇಬ್ಬರು ಸಹೋದರರಲ್ಲಿ ಒಬ್ಬ ಬುದ್ಧನನ್ನು, ಮತ್ತೊಬ್ಬ ಕ್ರಿಸ್ತನನ್ನು ಆಶ್ರಯಿಸಿದರೆ ಊರು ಇಬ್ಬರನ್ನೂ ಹಿಂದಿನಂತೆಯೇ ಕಾಣುತ್ತದೆ. ಕಾನೂನು ಮಾತ್ರ ಅವರನ್ನು ಬೇರೆ ಬೇರೆಯಾಗಿ ಕಾಣುತ್ತದೆ.

ಇಂಥ ಸ್ಥಿತಿಯಲ್ಲಿ ಇಗರ್ಜಿಯಲ್ಲೊಂದು ಹೆಸರು, ಪ್ರಮಾಣಪತ್ರದಲ್ಲೊಂದು ಹೆಸರು ಇರಿಸಿಕೊಂಡು ಬದುಕಬೇಕಾದ ಕುಟುಂಬಕ್ಕೆ 'ಸುಳ್ಳು ಸಾಕ್ಷಿ ಹೇಳಬೇಡ' ಎಂಬ ಆಜ್ಞೆಯನ್ನು ಹೇಗೆ ಬೋಧಿಸಬೇಕು? ಮಗನ ವಿದ್ಯಾರ್ಥಿವೇತನ ಒಂದು ಕಡೆ, ನಂಬಿಕೆಯನ್ನು ಬಹಿರಂಗವಾಗಿ ಒಪ್ಪಿಕೊಳ್ಳುವ ಬಾಧ್ಯತೆ ಇನ್ನೊಂದು ಕಡೆ. ಈ ಹಗ್ಗಜಗ್ಗಾಟವನ್ನು ವ್ಯಕ್ತಿಯೊಬ್ಬನ ಸುಳ್ಳೆಂದು ಮಾತ್ರ ಕಾಣುವ ಬೋಧೆ ನೀತಿಯನ್ನು ಕುಗ್ಗಿಸುತ್ತದೆ. ಎರಡನೆಯ ಜಾನ್ ಪಾಲ್ 1987ರ ತಮ್ಮ ವಿಶ್ವಪತ್ರದಲ್ಲಿ 'ಪಾಪದ ರಚನೆಗಳು' ಎಂಬ ಪರಿಕಲ್ಪನೆಯನ್ನು ಬಳಸಿದರು. ಹಲವರ ಪಾಪ ಗಟ್ಟಿಯಾಗಿ ವ್ಯವಸ್ಥೆಯಾದಾಗ ಅದು ಒಬ್ಬೊಬ್ಬರನ್ನೂ ಹಿಡಿದು ಬಾಗಿಸುತ್ತದೆ ಎಂಬುದು ಅದರ ಆಶಯ. ಜಾತಿಯನ್ನು ವರ್ಣಿಸಲು ಇದಕ್ಕಿಂತ ಸಮರ್ಪಕವಾದ ಕಥೋಲಿಕ ಪರಿಭಾಷೆ ಸಿಗಲಾರದು. ಹಾಗೆಂದು ಹೊರಗಿನ ವ್ಯವಸ್ಥೆಯ ಮೇಲೆ ಹೊರೆ ಹೊರಿಸಿ ಧರ್ಮಸಭೆ ತಾನು ನಿರಾಳವಾಗುವಂತಿಲ್ಲ. ಭಾರತದ ಕಥೋಲಿಕ ಧರ್ಮಾಧ್ಯಕ್ಷರ ಮಂಡಳಿಯೇ 2016ರ ಡಿಸೆಂಬರಿನಲ್ಲಿ ಪ್ರಕಟಿಸಿದ ದಲಿತ ಸಬಲೀಕರಣ ನೀತಿಯಲ್ಲಿ ತನ್ನೊಳಗೂ ಜಾತಿಭೇದ ಉಳಿದಿರುವುದನ್ನು ಒಪ್ಪಿಕೊಂಡಿತು. ಒಂದೇ ಪರಮಪ್ರಸಾದವನ್ನು ಪಡೆದವರು ಮನೆಯೊಳಗೆ ಒಂದೇ ಪಂಕ್ತಿಯಲ್ಲಿ ಉಣ್ಣುತ್ತಾರೆಯೇ, ಮಕ್ಕಳಿಗೆ ಹೆಣ್ಣು ಕೊಟ್ಟು ತಂದುಕೊಳ್ಳುತ್ತಾರೆಯೇ ಎಂಬುದರಲ್ಲಿ ಆ ನೀತಿಯ ಪರೀಕ್ಷೆಯಿದೆ.

ಮದುವೆಯ ವಿಷಯದಲ್ಲಿ ಒಪ್ಪಿಗೆ ಎಂಬ ಪದದ ಪರೀಕ್ಷೆ ನಡೆಯುತ್ತದೆ. 1983ರ ಧರ್ಮಸಭಾ ಸಂಹಿತೆಯ ಪ್ರಕಾರ ವಿವಾಹವನ್ನು ಉಂಟುಮಾಡುವುದು ವಧೂವರರ ಒಪ್ಪಿಗೆ. ಬೇರೆ ಯಾವ ಮಾನವ ಶಕ್ತಿಯೂ ಅದರ ಸ್ಥಾನವನ್ನು ತುಂಬಲಾರದು. ಅದೇ ಸಂಹಿತೆ ಗಂಡಿಗೆ 16, ಹೆಣ್ಣಿಗೆ 14 ಎಂಬ ಕನಿಷ್ಠ ವಯಸ್ಸನ್ನು ಹೇಳಿ, ಆಯಾ ದೇಶದ ಧರ್ಮಾಧ್ಯಕ್ಷರ ಮಂಡಳಿ ಇದಕ್ಕಿಂತ ಹೆಚ್ಚಿನ ವಯಸ್ಸನ್ನು ಗೊತ್ತುಪಡಿಸಬಹುದೆಂದೂ ಹೇಳುತ್ತದೆ. ಭಾರತದ 2006ರ ಬಾಲ್ಯವಿವಾಹ ನಿಷೇಧ ಕಾಯ್ದೆ 21 ಮತ್ತು 18 ವರ್ಷಗಳನ್ನು ನಿಗದಿಪಡಿಸಿತು. ಕರ್ನಾಟಕ ತನ್ನ ತಿದ್ದುಪಡಿಯ ಮೂಲಕ ಬಾಲ್ಯವಿವಾಹವನ್ನು ಮೂಲತಃ ಅಸಿಂಧುವಾಗಿಸಿತು. ಇಲ್ಲಿ ನಾಡಿನ ಶಾಸನದ ಅಂಕಿ ಧರ್ಮಸಭೆಯ ಅಂಕಿಗಿಂತ ಎತ್ತರದಲ್ಲಿದೆ ಎಂಬುದನ್ನು ಮುಚ್ಚಿಡುವ ಅಗತ್ಯವಿಲ್ಲ. ಒಪ್ಪಿಗೆಯೇ ವಿವಾಹದ ಜೀವ ಎಂಬ ತನ್ನ ತತ್ತ್ವವನ್ನು ಧರ್ಮಸಭೆ ಗಂಭೀರವಾಗಿ ತೆಗೆದುಕೊಂಡರೆ, ಗುಳೆ ಹೋಗುವ ಮುನ್ನ ಮಗಳ ಮದುವೆ ಮುಗಿಸಿ ಹಗುರವಾಗಲು ಬಯಸುವ ತಾಯಿತಂದೆಯ ಎದುರು ಆ ಎತ್ತರದ ಅಂಕಿಯ ಪರವಾಗಿಯೇ ಅದು ನಿಲ್ಲಬೇಕಾಗುತ್ತದೆ. ಉಡುಗೊರೆ ಎಂಬ ಸೌಮ್ಯವಾದ ಹೆಸರಿನಲ್ಲಿ ನಡೆಯುವ ವರದಕ್ಷಿಣೆಗೂ ಇದೇ ಮಾತು ಅನ್ವಯಿಸುತ್ತದೆ. ಬೆಲೆ ಕಟ್ಟಿದ ಮೇಲೆ ಕೊಟ್ಟ ಒಪ್ಪಿಗೆ ಎಷ್ಟು ಸ್ವತಂತ್ರ?

ಸಂತಾನದ ಪ್ರಶ್ನೆ ಇದಕ್ಕೆ ಹೊಂದಿಕೊಂಡಿದೆ. 1968ರ 'ಹುಮಾನೆ ವೀತೆ' ಕೃತಕ ಜನನ ನಿಯಂತ್ರಣವನ್ನು ನಿರಾಕರಿಸಿತು. ಕರ್ನಾಟಕದಲ್ಲಿ ಕುಟುಂಬ ಯೋಜನೆಯೆಂದರೆ ಬಹುಮಟ್ಟಿಗೆ ಹೆಣ್ಣಿನ ಶಸ್ತ್ರಚಿಕಿತ್ಸೆ. ಎರಡು ಅಥವಾ ಮೂರು ಹೆರಿಗೆಯಾದ ರಕ್ತಹೀನ ತಾಯಿಯ ಮುಂದೆ ಈ ಎರಡು ಅಧಿಕಾರಗಳು ನಿಂತಾಗ, ಅವಳಿಗೆ ನಿರ್ಧಾರದ ಅವಕಾಶ ಎರಡೂ ಕಡೆ ಕಡಿಮೆಯೇ. 2016ರ 'ಅಮೋರಿಸ್ ಲೆತೀಸಿಯ' ಪತ್ರದಲ್ಲಿ ಫ್ರಾನ್ಸಿಸ್, ಧರ್ಮಸಭೆ ಭಕ್ತರ ಆತ್ಮಸಾಕ್ಷಿಯನ್ನು ರೂಪಿಸಬೇಕೇ ಹೊರತು ಅದರ ಜಾಗವನ್ನು ತಾನೇ ಆಕ್ರಮಿಸಬಾರದೆಂಬ ಅರ್ಥದ ಮಾತನ್ನಾಡಿದರು. ಆತ್ಮಸಾಕ್ಷಿ ಎಂಬ ಪದ ಕನ್ನಡದಲ್ಲಿ ಸಾಕ್ಷಿಯನ್ನು ನೆನಪಿಸುತ್ತದೆ, ಅಂದರೆ ನಡೆದುದನ್ನು ನೋಡಿ ನುಡಿಯುವವನನ್ನು. ಶರಣರ 'ಅರಿವು' ಇದಕ್ಕಿಂತ ಭಿನ್ನ. ಅದು ನಡೆಯುವ ಮೊದಲೇ ದಾರಿ ತೋರುವಂಥದು, ಅರಿವನ್ನೇ ಗುರುವಾಗಿ ಕಂಡ ಪರಂಪರೆಯದು. ಪೂರ್ವಭಾವಿಯಾದ ಈ ವಿವೇಕವೇ ಕಥೋಲಿಕ ಬೋಧೆ ಆತ್ಮಸಾಕ್ಷಿಯಿಂದ ನಿರೀಕ್ಷಿಸುವುದು. ಇಲ್ಲಿ ಎರವಲು ಪಡೆದರೆ ಲಾಭವೇ ಹೆಚ್ಚು. ಆದರೆ ಅರಿವು ಎಂಬ ಪದವನ್ನು ಕೊಟ್ಟು ಆಯ್ಕೆಯ ಅವಕಾಶವನ್ನು ಕಸಿದುಕೊಂಡರೆ ಪದ ವ್ಯರ್ಥ.

6

ಪ್ರಬೋಧನೆ ಒಂದು ಗದ್ಯಪ್ರಕಾರವೂ ಹೌದು. ಅದರ ವಾಕ್ಯಗಳು ಹೆಚ್ಚಾಗಿ ವಿಧ್ಯರ್ಥದಲ್ಲಿರುತ್ತವೆ: ಮಾಡಬೇಕು, ಮಾಡಬಾರದು. ಕಥನ ಇದಕ್ಕೆ ತದ್ವಿರುದ್ಧವಾಗಿ ಸಂದರ್ಭದಿಂದ ಹೊರಡುತ್ತದೆ. ಕಲಬುರಗಿಯವರೇ ಆದ ಗೀತಾ ನಾಗಭೂಷಣ ತಮ್ಮ 'ಬದುಕು' ಕಾದಂಬರಿಯಲ್ಲಿ ಈ ಸೀಮೆಯ ತಳಸಮುದಾಯದ ಹೆಣ್ಣುಗಳ ದಿನನಿತ್ಯವನ್ನು ಆ ನೆಲದ ಮಾತಿನಲ್ಲಿಯೇ ಕಟ್ಟಿಕೊಟ್ಟರು. ಅದಕ್ಕೆ 2004ರ ಕೇಂದ್ರ ಸಾಹಿತ್ಯ ಅಕಾದೆಮಿ ಪ್ರಶಸ್ತಿ ಸಂದಿತು. ಆ ಕೃತಿ ಕ್ರೈಸ್ತ ನೀತಿಯ ಬಗೆಗಿನದಲ್ಲ. ಆದರೆ ಹಸಿವು, ದೇಹ, ಜಾತಿ, ದೈವ ಇವುಗಳ ನಡುವೆ ಸಿಕ್ಕಿದ ಜೀವ ಯಾವುದು ಸರಿ ಎಂದು ಹೇಗೆ ಕಂಡುಕೊಳ್ಳುತ್ತದೆ ಎಂಬುದನ್ನು ತಿಳಿಯಬಯಸುವ ಯಾವ ಬೋಧಕನಿಗೂ ಅದು ಅಗತ್ಯವಾದ ಓದು. ಇನ್ನೊಂದು ಕಡೆ, ಕಥೋಲಿಕ ಕುಟುಂಬಗಳ ಒಳಬದುಕನ್ನು ಕನ್ನಡ ಕಾದಂಬರಿಗೆ ತಂದ ನಾ. ಡಿಸೋಜ (1937–2025) ಮಲೆನಾಡಿನ ಸಾಗರದವರು. 'ಇಗರ್ಜಿಯ ಸುತ್ತಲಿನ ಹತ್ತು ಮನೆಗಳು' ಎಂಬ ಅವರ ಕೃತಿಯ ಹೆಸರೇ ಒಂದು ದೃಷ್ಟಿಯನ್ನು ಸೂಚಿಸುತ್ತದೆ: ಇಗರ್ಜಿಯನ್ನು ತಿಳಿಯಬೇಕಾದರೆ ಅದರ ಸುತ್ತಲಿನ ಮನೆಗಳನ್ನು ನೋಡಬೇಕು. ಮಲೆನಾಡು ಮತ್ತು ಕರಾವಳಿಯ ಕ್ರೈಸ್ತ ಮನೆಗಳು ಕನ್ನಡ ಓದುಗರಿಗೆ ಪರಿಚಿತವಾದಷ್ಟು ಕಲ್ಯಾಣ ಕರ್ನಾಟಕದ ಕ್ರೈಸ್ತ ಮನೆಗಳು ಪರಿಚಿತವಾಗಿಲ್ಲ. ಗೀತಾ ನಾಗಭೂಷಣರ ನುಡಿ ಮತ್ತು ಡಿಸೋಜರ ದೃಷ್ಟಿ ಕೂಡುವ ಬರವಣಿಗೆ ಈ ಸೀಮೆಯಿಂದ ಬರಬೇಕಾಗಿದೆ. ಬೋಧೆಗೆ ಪ್ರಶ್ನೆ ಹಾಕುವ ಕಥನವಿಲ್ಲದಿದ್ದರೆ ಬೋಧೆ ತನ್ನ ದನಿಯನ್ನೇ ಮತ್ತೆ ಮತ್ತೆ ಕೇಳಿಸಿಕೊಳ್ಳುತ್ತದೆ.

ನಡೆಯ ಪರೀಕ್ಷೆ ಕೆಲವೊಮ್ಮೆ ಹೇಳದೆ ಬರುತ್ತದೆ. 2020ರ ಮಾರ್ಚಿನಲ್ಲಿ ದೇಶದ ಮೊದಲ ಕೋವಿಡ್ ಸಾವು ದಾಖಲಾದದ್ದು ಕಲಬುರಗಿಯಲ್ಲಿ. ಕೆಲವೇ ವಾರಗಳಲ್ಲಿ ಮಹಾನಗರಗಳಿಂದ ಗುಳೆಯ ಜನ ಹಿಂದಿರುಗತೊಡಗಿದರು. ಮುಟ್ಟಬಾರದು ಎಂಬ ಆರೋಗ್ಯದ ನಿಯಮ ಮತ್ತು ಮುಟ್ಟಬಾರದು ಎಂಬ ಜಾತಿಯ ನಿಯಮ ಒಂದರೊಳಗೊಂದು ಸೇರಿಕೊಳ್ಳುವ ಅಪಾಯ ಆಗ ಎದುರಾಯಿತು. ನೆರೆಯವನು ಯಾರು ಎಂದು ಕೇಳಿದ ಧರ್ಮಶಾಸ್ತ್ರಿಗೆ ಯೇಸು ವ್ಯಾಖ್ಯೆಯನ್ನು ನೀಡದೆ ದಾರಿಯಲ್ಲಿ ಬಿದ್ದ ಗಾಯಾಳುವಿನ ಕಥೆ ಹೇಳಿದ್ದು ಅಂಥ ಹೊತ್ತಿನಲ್ಲಿ ಅರ್ಥವಾಗುತ್ತದೆ.

2025ರ ಮೇ ತಿಂಗಳಲ್ಲಿ ಆಯ್ಕೆಯಾದ ಜಗದ್ಗುರು ಹದಿನಾಲ್ಕನೆಯ ಲಿಯೊ ತಮ್ಮ ಹೆಸರಿನ ಆಯ್ಕೆಗೆ ಹದಿಮೂರನೆಯ ಲಿಯೊ ಮತ್ತು ಅವರ 1891ರ ವಿಶ್ವಪತ್ರವನ್ನು ಕಾರಣವಾಗಿ ನೀಡಿದರು. ಅದೇ ವರ್ಷದ ಅಕ್ಟೋಬರಿನಲ್ಲಿ ಬಡವರ ಮೇಲಿನ ಪ್ರೀತಿಯನ್ನು ಕುರಿತು 'ದಿಲೆಕ್ಸಿ ತೆ' ಪತ್ರವನ್ನು ಹೊರಡಿಸಿದರು. ಕೂಲಿಯ ಪ್ರಶ್ನೆ ಹೀಗೆ ಮತ್ತೆ ಬೋಧೆಯ ಕೇಂದ್ರಕ್ಕೆ ಬಂದಿದೆ. ಅದನ್ನು ಕಲಬುರಗಿಯಲ್ಲಿ ಯಾವ ಪದದಲ್ಲಿ ಹೇಳಬೇಕು?

ಕಾಯಕ, ದಾಸೋಹಗಳ ಜೊತೆಗೆ ಈ ಊರಿನ ನುಡಿಯಲ್ಲಿ ಮೂರನೆಯ ಪದವೊಂದಿದೆ: ಹಕ್ಕು. ಇದು ಅರಬ್ಬಿಯ 'ಹಕ್' ಎಂಬುದರಿಂದ ಬಂದದ್ದು. ದಖ್ಖನಿನ ಸುಲ್ತಾನರ ಆಡಳಿತ, ಕಂದಾಯ, ನ್ಯಾಯದಾನಗಳ ನುಡಿಯಿಂದ ಕನ್ನಡದ ಬಾಯಿಗೆ ಇಂಥ ನೂರಾರು ಪದಗಳು ಇಳಿದವು. ಬಹಮನಿಗಳ ಮೊದಲ ರಾಜಧಾನಿಯಾಗಿದ್ದ ಕಲಬುರಗಿಗೆ ಆ ಚರಿತ್ರೆ ದೂರದ್ದಲ್ಲ. ಮೂಲದಲ್ಲಿ ಆ ಪದಕ್ಕೆ ಸಲ್ಲಬೇಕಾದದ್ದು ಎಂಬ ಅರ್ಥದ ಜೊತೆಗೆ ಸತ್ಯ ಎಂಬ ಅರ್ಥವೂ ಇದೆ; ಸೂಫಿಗಳು ಅದನ್ನು ದೇವರ ಹೆಸರಾಗಿಯೂ ನುಡಿದರು. ತಡೆಹಿಡಿದ ಕೂಲಿ, ಜಾತಿಯ ಹೆಸರಿನಲ್ಲಿ ತಪ್ಪಿಹೋದ ಸ್ಥಾನ, ಕೇಳದೆ ಪಡೆದ ಒಪ್ಪಿಗೆ ಇವು ಮೂರರಲ್ಲೂ ಕೊರತೆಯಾದದ್ದು ಕನಿಕರವಲ್ಲ, ಹಕ್ಕು. ಅಲ್ಲಿ ಮುಚ್ಚಿಹೋದದ್ದು ಸತ್ಯವೂ ಹೌದು.

ಕಥೋಲಿಕ ನೀತಿಬೋಧೆ ಕಲಬುರಗಿ ಸೀಮೆಯಲ್ಲಿ ಬದುಕಿನ ಬೋಧೆಯಾಗಬೇಕಾದರೆ ಶರಣರಿಂದ ಎರಡು, ಸುಲ್ತಾನರ ಕಾಲದ ಕಚೇರಿಯಿಂದ ಒಂದು, ಹೀಗೆ ಈ ಮೂರು ಪದಗಳನ್ನೂ ಅದು ಒಟ್ಟಿಗೆ ಬಳಸಲು ಕಲಿಯಬೇಕು. ಕಾಯಕ ದುಡಿಯುವವನ ಮೇಲ್ಮೆಯನ್ನು ಹೇಳಿದರೆ, ದಾಸೋಹ ಕೊಡುವವನ ಅಹಂಕಾರವನ್ನು ಅಳಿಸಿದರೆ, ಹಕ್ಕು ಪಡೆಯುವವನನ್ನು ತಲೆ ಎತ್ತಿ ನಿಲ್ಲಿಸುತ್ತದೆ. ಮೊದಲಿನ ಎರಡನ್ನು ಮಾತ್ರ ಬೋಧಿಸಿ ಮೂರನೆಯದನ್ನು ಬಿಟ್ಟರೆ ಬೋಧೆ ಉಳ್ಳವರ ಮನೆಯ ಅಲಂಕಾರವಾಗುತ್ತದೆ. ಬಲಿಪೀಠದ ಬಳಿ ಪ್ರಸಾದ ಎಂಬ ಪದವನ್ನು ಸಂಕೋಚವಿಲ್ಲದೆ ಸ್ವೀಕರಿಸಿದ ಧರ್ಮಸಭೆಗೆ ಹೊಲದ ಬದುವಿನಲ್ಲಿ ಹಕ್ಕು ಎಂಬ ಪದವನ್ನು ಸ್ವೀಕರಿಸುವುದು ಕಷ್ಟವಾಗಬೇಕಾಗಿಲ್ಲ. ಕಮಲಾಪುರದ ಕೂಲಿಕಾರ್ತಿ ತನ್ನ ಧಣಿಯ ಮನೆಯ ಬಾಗಿಲಲ್ಲಿ ದಿನವೂ ಆಡುವ ಪದ ಅದು. ಅದನ್ನು ಅವಳಿಂದಲೇ ಕಲಿಯಬಹುದು.